ಒಂದು ದಿನದ ಸಮುದ್ರ

ಕೊಪ್ಪಳ ತಾಲೂಕಿನ ಇರಕಲ್ಲಗಡದಲ್ಲಿ ನಮಗೆ ಪರಿಚಯದ ಮನೆಯೊಂದಿದೆ. ಆ ಮನೆಯ ಮಗ ಅಬುಧಾಬಿಯಲ್ಲಿ ಎ.ಸಿ. ಮೆಕ್ಯಾನಿಕ್. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ತಿಂಗಳಿದ್ದು ಹೋಗುತ್ತಿದ್ದವನು, ಈ ಸಲ ತಾನು ಬರುವ ಬದಲು ತಾಯಿ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ವಿಜಿಟ್ ವೀಸಾ ಮೇಲೆ ಅಲ್ಲಿಗೇ ಕರೆಸಿಕೊಳ್ಳುವ ಏರ್ಪಾಟು ಮಾಡಿದ್ದಾನೆ. ನಮ್ಮ ಭಾಗದಿಂದ ಗಲ್ಫಿಗೆ ಹೋದವರು ಭಟ್ಕಳ, ಮಂಗಳೂರಿನವರಷ್ಟು ಇಲ್ಲ. ನಮ್ಮವರು ಗುಳೆ ಹೋಗುವುದು ಹೆಚ್ಚಾಗಿ ಬೆಂಗಳೂರು, ಗೋವಾ, ಮಂಗಳೂರಿನ ಕಟ್ಟಡ ಕೆಲಸಗಳಿಗೆ. ಹಾಗಾಗಿ ಒಂದು ಮನೆಯ ನಾಲ್ಕು ಜನ ಒಟ್ಟಿಗೆ ವಿಮಾನ ಹತ್ತುವುದು ಓಣಿಗೆಲ್ಲ ಸುದ್ದಿಯಾಗಿತ್ತು. ನಾವು ಹೋಗಿ ಕುಳಿತಾಗ ಆರನೇ ತರಗತಿಯ ಮೊಮ್ಮಗಳು ನೋಟುಬುಕ್ಕಿನ ಹಾಳೆಯೊಂದನ್ನು ತಂದು ನಮ್ಮ ಕೈಗಿಟ್ಟಳು. ಅಪ್ಪ ಫೋನಿನಲ್ಲಿ ಹೇಳುತ್ತ ಹೋದದ್ದನ್ನು ಅವಳು ಸೀಸದಕಡ್ಡಿಯಲ್ಲಿ ಬರೆದುಕೊಂಡಿದ್ದಳು. ಮೇಲೆ 'ಸೀವರ್ಲ್ಡ್ ದಿನ' ಎಂದು ಬರೆದು ಎರಡು ಗೆರೆ ಎಳೆದಿದ್ದಳು. ದಾದಿಗೆ ಓದು ಬರುವುದಿಲ್ಲ. ಗಟ್ಟಿಯಾಗಿ ಓದಿ ಹೇಳಿ ಎಂದರು. ಓದಿದೆವು.

ಬೆಳಿಗ್ಗೆ ಎಂಟಕ್ಕೆ ಮುಸಫ್ಫಾ ಬಿಡುವುದು. ಒಂಬತ್ತೂವರೆಗೆ ಗೇಟಿನ ಮುಂದೆ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುವುದು. ಒಳಗೆ ಹೋದ ಕೂಡಲೇ ಬಲಕ್ಕೂ ಎಡಕ್ಕೂ ನೋಡದೆ ಮೊದಲು ದೊಡ್ಡ ಗಾಜಿನ ಹೊಂಡಕ್ಕೆ ಹೋಗುವುದು, ಹನ್ನೊಂದರ ನಂತರ ಅಲ್ಲಿ ಜನ ತುಂಬುತ್ತಾರೆ. ಡಾಲ್ಫಿನ್ ಆಟಕ್ಕೆ ಅರ್ಧ ಗಂಟೆ ಮೊದಲೇ ಕೂರುವುದು. ಮುಂದಿನ ಸಾಲು ಬೇಡ, ಬಟ್ಟೆ ತೋಯುತ್ತದೆ. ಊಟ ಹನ್ನೆರಡಕ್ಕೆ, ಒಂದಕ್ಕೆ ಹೋದರೆ ಕುರ್ಚಿ ಸಿಗುವುದಿಲ್ಲ. ಅಮ್ಮನ ಮೊಣಕಾಲು ನೋಯುತ್ತದೆ, ಗಾಲಿಕುರ್ಚಿ ಕೇಳುವುದು. ಆಮೇಲೆ ಪೆಂಗ್ವಿನ್. ಸ್ವೆಟರ್ ಮರೆಯಬಾರದು. ಸೀಲಯನ್‌ಗಳಿಗೆ ಆಹಾರ ಕೊಡುವುದನ್ನು ನೋಡುವುದು. ಮಕ್ಕಳ ರೈಡುಗಳು. ಮುಚ್ಚುವವರೆಗೆ ಇರುವುದು. ಹೊರಡುವಾಗ ಅಂಗಡಿ ದಾಟಿಯೇ ಹೊರಗೆ ಬರಬೇಕು, ಅಲ್ಲಿ ನಿಲ್ಲಬಾರದು.

ನಾವು ಈ ಹಾಳೆಯನ್ನು ಒಂದು ಪಠ್ಯದಂತೆ ವಿಮರ್ಶಿಸಲು ಹೊರಟಿದ್ದೇವೆ. ಕಥೆ, ಕವಿತೆ, ಸಿನಿಮಾಗಳಿಗಷ್ಟೇ ವಿಮರ್ಶೆ ಬೇಕೆಂದು ನಾವು ತಿಳಿದಿಲ್ಲ. ಒಂದು ಕುಟುಂಬ ತನ್ನ ರಜೆಯ ಒಂದು ದಿನವನ್ನು ಹೇಗೆ ಬರೆದುಕೊಳ್ಳುತ್ತದೆ ಎಂಬುದರಲ್ಲಿ ಅದು ಬದುಕುತ್ತಿರುವ ಕಾಲದ ಬಗ್ಗೆ ಒಂದು ಕಾದಂಬರಿಯಷ್ಟು ವಿಷಯ ಇರುತ್ತದೆ.

ಇಂಥ ವೇಳಾಪಟ್ಟಿಯನ್ನು ನೋಡಿ ನಗುವುದು ಸುಲಭ. ಓದಿದ ಮಧ್ಯಮ ವರ್ಗದವರು ನಗುತ್ತಾರೆ ಕೂಡ. 'ರಜೆಯಲ್ಲೂ ಗಡಿಯಾರ ನೋಡುವ ಜನ' ಎನ್ನುತ್ತಾರೆ. ಆದರೆ ಈ ಗಡಿಯಾರ ಎಲ್ಲಿಂದ ಬಂತು ಎಂದು ಕೇಳಬೇಕು. ಅಲ್ಲಿನ ಟಿಕೆಟ್ ಒಬ್ಬರಿಗೆ ಮುನ್ನೂರು ದಿರ್ಹಮ್‌ಗೂ ಮಿಗಿಲು. ನಮ್ಮ ಹಣದಲ್ಲಿ ಏಳು ಸಾವಿರದ ಮೇಲೆ. ಐದು ಜನರ ಲೆಕ್ಕ ಹಾಕಿದರೆ ಎ.ಸಿ. ರಿಪೇರಿಯ ಎಷ್ಟು ದಿನದ ದುಡಿಮೆ ಎಂಬುದು ಅವನಿಗೆ ಮಾತ್ರ ಗೊತ್ತು. ಅವನಿಗಿರುವುದು ವಾರದಲ್ಲಿ ಒಂದು ರಜೆ. ಅಷ್ಟು ಕೊಟ್ಟ ಮೇಲೆ ಒಂದು ಮೀನನ್ನೂ ಬಿಡದೆ ನೋಡಬೇಕು, ಇಲ್ಲದಿದ್ದರೆ ದುಡ್ಡು ವಸೂಲಾಗುವುದಿಲ್ಲ. ಹೀಗೆ ಕೂಲಿಗಾರನೊಬ್ಬ ತನ್ನ ರಜೆಯ ದಿನಕ್ಕೂ ತಾನೇ ಪಾಳಿ ಹಾಕಿಕೊಳ್ಳುತ್ತಾನೆ. ಅವನೇ ಅವತ್ತಿನ ಸೂಪರ್‌ವೈಜರ್. ತಾಯಿ, ಹೆಂಡತಿ, ಮಕ್ಕಳು ಅವನ ಕೈಕೆಳಗಿನ ಕೆಲಸಗಾರರು. ಇಂಥ ಜಾಗಗಳನ್ನು ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತಿದೆ. ಜನ ಯಾವ ಹೊತ್ತಿಗೆ ಎಲ್ಲಿ ಸೇರಬೇಕು, ಎಲ್ಲಿ ಹಸಿಯಬೇಕು, ಯಾವ ಬಾಗಿಲಿನಿಂದ ಹೊರಬೀಳಬೇಕು ಎಂಬುದು ನಕ್ಷೆಯಲ್ಲೇ ಇರುತ್ತದೆ. 'ಅಂಗಡಿಯಲ್ಲಿ ನಿಲ್ಲಬಾರದು' ಎಂಬ ಒಂದು ಸಾಲಿನಲ್ಲಿ ಮಾತ್ರ ಮಗ ಆ ನಕ್ಷೆಗೆ ಎದುರು ನಿಂತಿದ್ದಾನೆ. ನಮಗೆ ಆ ಸಾಲು ತುಂಬ ಇಷ್ಟವಾಯಿತು.

ಇನ್ನು ಆ ಜಾಗದ ವಿಷಯ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1964ರಲ್ಲಿ ಶುರುವಾದ ಸೀವರ್ಲ್ಡ್ ಎಂಬ ಹೆಸರು ಕೊಲ್ಲಿಗೆ ಬಂದದ್ದು 2023ರ ಮೇ ತಿಂಗಳಲ್ಲಿ. ಅಬುಧಾಬಿಯ ಯಾಸ್ ದ್ವೀಪದಲ್ಲಿ, ಐದು ಅಂತಸ್ತಿನ ಕಟ್ಟಡದೊಳಗೆ, ಬಿಸಿಲು ಸೋಕದಂತೆ ಒಂದು ಸಮುದ್ರವನ್ನು ಕಟ್ಟಿದ್ದಾರೆ. ಅದರ ದೊಡ್ಡ ಹೊಂಡವೊಂದರಲ್ಲೇ ಎರಡೂವರೆ ಕೋಟಿ ಲೀಟರ್ ನೀರು. ಈ ಅಂಕಿ ಕೇಳಿದ್ದೇ ದಾದಿ 'ನಮ್ಮೂರಿಗೆ ಎಷ್ಟ ದಿನ ಬರತೈತಿ?' ಎಂದು ಕೇಳಿದರು. ಜಲಜೀವನ ಮಿಷನ್ ಹೇಳುವುದು ತಲೆಗೆ ದಿನಕ್ಕೆ 55 ಲೀಟರ್. ಐದು ಸಾವಿರ ಜನರ ಊರೊಂದಕ್ಕೆ ಮೂರು ತಿಂಗಳು ಬರುತ್ತದೆ ಎಂದೆವು. ಅದು ಉಪ್ಪುನೀರು, ಯಾರೂ ಕುಡಿಯುವಂಥದ್ದಲ್ಲ, ಹೋಲಿಕೆ ಸರಿಯಲ್ಲ ಎಂದೂ ಸೇರಿಸಿದೆವು. ಫ್ಲೋರೈಡ್ ನೀರು ಕುಡಿದು ಮೂಳೆ ಸವೆದವರಿರುವ ಜಿಲ್ಲೆಯಲ್ಲಿ ಈ ತಿದ್ದುಪಡಿಗೆ ಅಂಥ ಬೆಲೆ ಬರಲಿಲ್ಲ. 'ನಮ್ಮದೂ ಕುಡಿಯೋ ನೀರಲ್ಲ ಬಿಡ್ರಿ' ಎಂದರು ದಾದಿ.

ಆ ಕಟ್ಟಡದಲ್ಲಿ ಪೆಂಗ್ವಿನ್‌ಗಳಿಗಾಗಿ ಒಂದು ಧ್ರುವ ಪ್ರದೇಶವೇ ಇದೆ. ಹೊರಗೆ ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಮಧ್ಯಾಹ್ನ ಬಯಲಲ್ಲಿ ಕೆಲಸ ಮಾಡಿಸಬಾರದು ಎಂದು ಆ ದೇಶದ ಸರಕಾರವೇ ನಿಯಮ ಮಾಡಬೇಕಾದಂಥ ಬಿಸಿಲು. ಅಂಥಲ್ಲಿ ಹಿಮದ ಹಕ್ಕಿಗೆ ಹಗಲೂ ರಾತ್ರಿ ಚಳಿ ಹುಟ್ಟಿಸುವುದೆಂದರೆ ಏನೆಂಬುದನ್ನು ಎ.ಸಿ. ಮೆಕ್ಯಾನಿಕ್‌ನಿಗಿಂತ ಚೆನ್ನಾಗಿ ಯಾರು ಬಲ್ಲರು? ಕರೆಂಟು ಹೋದರೆ ಏನು ಗತಿ ಎಂದು ಅವನು ಯೋಚಿಸಿಯೇ ಇರುತ್ತಾನೆ. ಹಾಳೆಯಲ್ಲಿ ಅದು ಬಂದಿಲ್ಲ. 'ಸ್ವೆಟರ್ ಮರೆಯಬಾರದು' ಎಂದಷ್ಟೇ ಬಂದಿದೆ.

ಓದಿ ಮುಗಿಸಿದ ಮೇಲೆ ದಾದಿ ಕೇಳಿದ್ದು ಒಂದೇ ಪ್ರಶ್ನೆ. ಅವರು ಸಮುದ್ರ ನೋಡಿದವರಲ್ಲ. ಅವರಿಗೆ ಗೊತ್ತಿದ್ದ ದೊಡ್ಡ ಮೀನೆಂದರೆ ಯೂನುಸ್ ಪೈಗಂಬರರನ್ನು ನುಂಗಿದ ಮೀನು. 'ಎಲ್ಲಾರೂ ಮನಿಗೆ ಹ್ವಾದ ಮ್ಯಾಲೆ ಆ ಮೀನ ಎಲ್ಲಿ ಮಲಗತಾವ್ರೀ ಮಾಸ್ತರ?'

ಡಾಲ್ಫಿನ್ ಮೀನಲ್ಲ, ನಮ್ಮಂತೆ ಹೆತ್ತು ಹಾಲೂಡಿಸುವ ಪ್ರಾಣಿ. ಅದು ಮಿದುಳಿನ ಅರ್ಧ ಭಾಗವನ್ನು ಎಚ್ಚರವಿಟ್ಟುಕೊಂಡು ಇನ್ನರ್ಧದಲ್ಲಿ ನಿದ್ದೆ ಮಾಡುತ್ತದೆ, ಉಸಿರಿಗಾಗಿ ಮೇಲೆ ಬರಲೇಬೇಕಾದ್ದರಿಂದ ಪೂರ್ತಿ ಮೈಮರೆತು ಮಲಗುವ ಹಾಗಿಲ್ಲ ಎಂದು ಹೇಳಿದೆವು. ಇದು ಶಾಲೆಯ ಉತ್ತರ. ಆದರೆ ಅವರು ಕೇಳಿದ್ದು ಅದಲ್ಲ. ಎಲ್ಲಿ ಮಲಗುತ್ತವೆ ಎಂದು ಕೇಳಿದ್ದರು. ಆ ಪ್ರಶ್ನೆಗೆ ಈ ಉದ್ಯಮದ ಚರಿತ್ರೆಯಲ್ಲಿ ಒಂದು ಉತ್ತರ ಇದೆ. ಅದನ್ನು ಅವತ್ತು ಹೇಳಲು ಮನಸ್ಸಾಗಲಿಲ್ಲ. ಇಲ್ಲಿ ಬರೆಯುತ್ತೇವೆ.

1983ರಲ್ಲಿ ಐಸ್‌ಲ್ಯಾಂಡಿನ ಕಡಲಲ್ಲಿ ಎರಡು ವರ್ಷದ ಓರ್ಕಾ ಗಂಡುಮರಿಯೊಂದನ್ನು ಬಲೆ ಹಾಕಿ ತಾಯಿಯಿಂದ ಬಿಡಿಸಿ ತಂದರು. ಓರ್ಕಾ ಎಂದರೆ ಡಾಲ್ಫಿನ್ ಕುಲದಲ್ಲೇ ಅತಿ ದೊಡ್ಡದು, ಕಪ್ಪು ಬಿಳುಪಿನ ಮೈಯದು. ಇವುಗಳಲ್ಲಿ ಕೆಲವು ಗುಂಪುಗಳ ಗಂಡುಗಳು ಬೆಳೆದು ದೊಡ್ಡವಾದ ಮೇಲೂ ಸಾಯುವ ತನಕ ತಾಯಿಯ ಗುಂಪನ್ನು ಬಿಟ್ಟು ಹೋಗುವುದಿಲ್ಲ. ಹೀಗೆ ತಂದ ಮರಿಗೆ ತಿಲಿಕಮ್ ಎಂದು ಹೆಸರಿಟ್ಟರು. ಕೆನಡಾದ ವಿಕ್ಟೋರಿಯಾದ ಸೀಲ್ಯಾಂಡ್ ಎಂಬಲ್ಲಿ ಹಗಲೆಲ್ಲ ಆಟ ಆಡಿಸಿ, ರಾತ್ರಿ ಬೇರೆರಡು ಹೆಣ್ಣು ಓರ್ಕಾಗಳ ಜೊತೆ ಇಕ್ಕಟ್ಟಾದ ಕತ್ತಲ ಲೋಹದ ಕೊಟ್ಟಿಗೆಯಲ್ಲಿ ಕೂಡುತ್ತಿದ್ದರು. ದಾದಿಯ ಪ್ರಶ್ನೆಗೆ ಉತ್ತರ ಅದು. 1991ರಲ್ಲಿ ಅಲ್ಲಿ ತರಬೇತುದಾರಳೊಬ್ಬಳು ಹೊಂಡಕ್ಕೆ ಜಾರಿಬಿದ್ದಾಗ ಈ ಮೂರೂ ಸೇರಿ ಅವಳನ್ನು ಮುಳುಗಿಸಿದವು. ಸೀಲ್ಯಾಂಡ್ ಮುಚ್ಚಿತು. ತಿಲಿಕಮ್‌ನನ್ನು ಅಮೆರಿಕದ ಒರ್ಲ್ಯಾಂಡೋ ಸೀವರ್ಲ್ಡ್ ಕೊಂಡಿತು. 2010ರ ಫೆಬ್ರವರಿ 24ರಂದು ಅಲ್ಲಿ ಅನುಭವಿ ತರಬೇತುದಾರಳೊಬ್ಬಳು ಪ್ರೇಕ್ಷಕರು ಇನ್ನೂ ಇರುವಾಗಲೇ ಅವನಿಂದ ಸತ್ತಳು. 2013ರಲ್ಲಿ ಬಂದ 'ಬ್ಲ್ಯಾಕ್‌ಫಿಶ್' ಎಂಬ ಸಾಕ್ಷ್ಯಚಿತ್ರ ಈ ಕಥೆಯನ್ನು ಜಗತ್ತಿಗೆ ಹೇಳಿತು. ಜನ ಬರುವುದು ಇಳಿಯಿತು. 2016ರ ಮಾರ್ಚಿನಲ್ಲಿ ಕಂಪನಿ ತಾನಿನ್ನು ಓರ್ಕಾಗಳ ಸಂತಾನ ಬೆಳೆಸುವುದಿಲ್ಲ ಎಂದು ಘೋಷಿಸಿತು. 2017ರ ಜನವರಿಯಲ್ಲಿ ತಿಲಿಕಮ್ ಸತ್ತ. ಅವನು ಹುಟ್ಟಿದ ಕಡಲಲ್ಲಿ ಕಳೆದದ್ದು ಎರಡು ವರ್ಷ, ಹೊಂಡಗಳಲ್ಲಿ ಕಳೆದದ್ದು ಮೂವತ್ತಮೂರು.

ಅಬುಧಾಬಿಯಲ್ಲಿ ಓರ್ಕಾ ಇಲ್ಲ. ಆ ಪಾರ್ಕು ಓರ್ಕಾ ಇಲ್ಲದೆಯೇ ಶುರುವಾಯಿತು. ಇದನ್ನು ಹೃದಯ ಪರಿವರ್ತನೆ ಎನ್ನಬೇಕೋ, ವ್ಯಾಪಾರದ ಜಾಣತನ ಎನ್ನಬೇಕೋ? ನಮಗೆ ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ. ಮರ್ಯಾದೆ ತೆಗೆದ ಪ್ರಾಣಿಯನ್ನು ಬಿಟ್ಟರು, ತೆಗೆಯದ ಪ್ರಾಣಿಯನ್ನು ಇಟ್ಟುಕೊಂಡರು. ಅದೇ ಕುಲದ ಚಿಕ್ಕ ಪ್ರಾಣಿ ಡಾಲ್ಫಿನ್ ಅಲ್ಲಿದೆ. ಅದೂ ಗುಂಪಿನಲ್ಲಿ ಬದುಕುವಂಥದ್ದೇ. ಸದ್ದಿನಿಂದ ದಾರಿ ಕಾಣುವ, ದಿನಕ್ಕೆ ಹತ್ತಾರು ಕಿಲೋಮೀಟರ್ ಈಜುವ ಪ್ರಾಣಿ. ಅದರ ಬಾಯಿಯ ಆಕಾರ ನಗುವಂತಿದೆ. ಸತ್ತಾಗಲೂ ಹಾಗೇ ಇರುತ್ತದೆ. ಈ ಉದ್ಯಮ ನಿಂತಿರುವುದು ಬಹಳಮಟ್ಟಿಗೆ ಆ ಆಕಾರದ ಮೇಲೆ.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಅದೇ ಯಾಸ್ ದ್ವೀಪದಲ್ಲಿ ಗಾಯಗೊಂಡ ಕಡಲಜೀವಿಗಳ ರಕ್ಷಣೆಗೆ, ಸಂಶೋಧನೆಗೆ ಕೇಂದ್ರವೊಂದನ್ನು ಆ ವರ್ಷವೇ ತೆರೆದಿದ್ದಾರೆ. ಹವಳ, ಜೆಲ್ಲಿಮೀನು, ತಿರಂಡಿಗಳನ್ನು ಗಾಜಿನಾಚೆ ಕಂಡ ಮಗು ಮುಂದೆ ಸಮುದ್ರದ ಬಗ್ಗೆ ಕಾಳಜಿ ಬೆಳೆಸಿಕೊಳ್ಳಬಹುದು. ಬಯಲುಸೀಮೆಯ ಮಗುವಿಗೆ ಇನ್ನೆಲ್ಲಿ ಅದು ಕಾಣಬೇಕು? ಈ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಡಾಲ್ಫಿನ್ ಆಟದಿಂದ ಮಗು ಕಲಿಯುವುದು ಡಾಲ್ಫಿನ್ ಬಗ್ಗೆ ಅಲ್ಲ. ಸೀಟಿ ಊದಿದರೆ ಜಿಗಿಯಬೇಕು, ಜಿಗಿದರೆ ಮೀನಿನ ತುಂಡು ಸಿಗುತ್ತದೆ ಎಂಬುದನ್ನು. ಅಬುಧಾಬಿಯ ಕಡಲಲ್ಲೇ ಸುಮಾರು ಮೂರು ಸಾವಿರ ಡ್ಯುಗಾಂಗ್‌ಗಳಿವೆ. ಕಡಲಹಸು ಎನ್ನುತ್ತಾರಲ್ಲ, ಅವು. ಆಸ್ಟ್ರೇಲಿಯಾ ಬಿಟ್ಟರೆ ಅಷ್ಟು ದೊಡ್ಡ ಸಂಖ್ಯೆ ಇನ್ನೆಲ್ಲೂ ಇಲ್ಲ. ಕಡಲಹುಲ್ಲು ಮೇಯ್ದುಕೊಂಡಿರುವ ಅವು ಜಿಗಿಯುವುದಿಲ್ಲ, ನಗುವುದೂ ಇಲ್ಲ. ನಮ್ಮ ಹಾಳೆಯಲ್ಲಿ ಅವುಗಳ ಹೆಸರಿಲ್ಲ.

ಇಲ್ಲಿ ನಮ್ಮ ದೇಶದ ವಿಷಯವನ್ನೂ ಹೇಳಬೇಕು. ಚೆನ್ನೈ ಹತ್ತಿರದ 'ಡಾಲ್ಫಿನ್ ಸಿಟಿ'ಗೆಂದು 1998ರಲ್ಲಿ ಬಲ್ಗೇರಿಯಾದಿಂದ ತರಿಸಿದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತುಹೋದವು. ಆಮೇಲೂ ಕೇರಳ, ಮಹಾರಾಷ್ಟ್ರ, ದೆಹಲಿ ಸುತ್ತಮುತ್ತ ಹೊಸ ಯೋಜನೆಗಳು ಎದ್ದವು. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಮನರಂಜನೆಗಾಗಿ ಡಾಲ್ಫಿನ್, ತಿಮಿಂಗಿಲಗಳನ್ನು ಕೂಡಿಹಾಕುವ ಯಾವ ಪ್ರಸ್ತಾವಕ್ಕೂ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಇಷ್ಟು ಬುದ್ಧಿ ಮತ್ತು ಸಂವೇದನೆ ಇರುವ ಪ್ರಾಣಿಯನ್ನು ಹೀಗೆ ಇಡುವುದು ನೈತಿಕವಾಗಿ ಒಪ್ಪತಕ್ಕದ್ದಲ್ಲ ಎಂಬುದು ಅದರ ಧಾಟಿ. ಕೆನಡಾ ಇಂಥ ಕಾನೂನು ಮಾಡಿದ್ದು 2019ರಲ್ಲಿ, ಫ್ರಾನ್ಸ್ 2021ರಲ್ಲಿ. ಎಲ್ಲದರಲ್ಲೂ ನಮ್ಮವರನ್ನು ತೆಗಳುವ ಅಭ್ಯಾಸ ನಮಗಿದೆಯಾದ್ದರಿಂದ, ಈ ಒಂದು ವಿಷಯದಲ್ಲಿ ಭಾರತ ಮುಂದಿತ್ತು ಎಂದು ಸಂತೋಷದಿಂದಲೇ ಬರೆಯುತ್ತೇವೆ. ಆದರೆ ಕಾನೂನಿಗೆ ಗಡಿ ಇದೆ, ಟಿಕೆಟ್ಟಿಗೆ ಇಲ್ಲ.

ಇನ್ನೊಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ನಾವು ಚಿಕ್ಕವರಿದ್ದಾಗ ಸಂತೆಯ ದಿನ ಖಲಂದರ್‌ಗಳು ಕರಡಿ ಹಿಡಿದುಕೊಂಡು ಊರಿಗೆ ಬರುತ್ತಿದ್ದರು. ಡಮರು ಬಾರಿಸಿದರೆ ಕರಡಿ ಎರಡು ಕಾಲಮೇಲೆ ನಿಲ್ಲುತ್ತಿತ್ತು. ಹೆದರಿದ ಮಕ್ಕಳನ್ನು ಅದರ ಬೆನ್ನಮೇಲೆ ಕೂರಿಸಿ ಇಳಿಸುತ್ತಿದ್ದರು, ಕೂದಲಿನ ತಾಯಿತ ಕಟ್ಟುತ್ತಿದ್ದರು. ನಮಗೆ ಆಗ ಗೊತ್ತಿರಲಿಲ್ಲ: ಕಾದ ಕಬ್ಬಿಣದಿಂದ ಮೂಗು ತೂತು ಮಾಡಿ ಹಗ್ಗ ಪೋಣಿಸಿದ್ದರು, ಹಲ್ಲು ಕಿತ್ತಿದ್ದರು. 1972ರ ವನ್ಯಜೀವಿ ಕಾಯಿದೆ ಬಂತು. 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಡಿಸಬಾರದೆಂಬ ಅಧಿಸೂಚನೆ ಬಂತು. 2009ರ ಕೊನೆಗೆ ಕಡೆಯ ಕುಣಿಯುವ ಕರಡಿಯೆಂದು ಹೇಳಲಾದ ಒಂದು ಕರಡಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರ ಸೇರಿತು. ಇದೆಲ್ಲ ಆಗಬೇಕಾದದ್ದೇ, ತಡವಾಗಿ ಆಯಿತು. ಆ ಆಟ ನಮ್ಮ ಸಮುದಾಯದ ಬಡವರ ಕಸುಬಾಗಿತ್ತು ಎಂಬ ಕಾರಣಕ್ಕೆ ಅದರ ಕ್ರೌರ್ಯವನ್ನು ನಾವು ಮುಚ್ಚುವುದಿಲ್ಲ.

ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಖಲಂದರನ ಕರಡಿಯ ಹಗ್ಗ ಕಣ್ಣಿಗೆ ಕಾಣುತ್ತಿತ್ತು. ಹಸಿದರೆ ಇಬ್ಬರೂ ಹಸಿಯುತ್ತಿದ್ದರು, ರಾತ್ರಿ ಇಬ್ಬರೂ ಒಂದೇ ಮರದ ಕೆಳಗೆ ಮಲಗುತ್ತಿದ್ದರು. ಅವನು ಶಿಕ್ಷಣದ ಹೆಸರು ಹೇಳಲಿಲ್ಲ. ಅವನನ್ನು ಅನಾಗರಿಕ ಎಂದವರು, ಹಗ್ಗದ ಬದಲು ಗಾಜು ಇರುವಲ್ಲಿ, ಡಮರಿನ ಬದಲು ಸ್ಪೀಕರ್ ಇರುವಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಾರೆ. ಪ್ರಾಣಿ ಕುಣಿಯುವುದು ತಪ್ಪೋ, ಬಡವ ಕುಣಿಸುವುದು ತಪ್ಪೋ ಎಂಬ ಅನುಮಾನ ಬಂದರೆ ಅದಕ್ಕೆ ನಾವು ಹೊಣೆಯಲ್ಲ.

ಹಾಗಾದರೆ ಇರಕಲ್ಲಗಡದ ಜನ ಮೊದಲು ಒಂದು ದಿನದ ಪ್ರವಾಸ ಹೋಗುತ್ತಲೇ ಇರಲಿಲ್ಲವೇ? ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಮಳೆಗಾಲದಲ್ಲಿ ತುಂಗಭದ್ರಾ ಆಣೆಕಟ್ಟಿನ ಗೇಟು ತೆಗೆದರೆಂದು ಸುದ್ದಿ ಬಂದರೆ ಸಾಕು, ಟಂಟಂ, ಟ್ರ್ಯಾಕ್ಟರುಗಳಲ್ಲಿ ಮುನಿರಾಬಾದಿಗೆ ಹೊರಡುತ್ತಾರೆ. ಹುಲಿಗೆಮ್ಮನಿಗೆ ಹೋಗುವವರು ಹುಲಿಗಿಗೆ ಹೋಗಿ ಹೊಳೆಯಲ್ಲಿ ಮೀಯುತ್ತಾರೆ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಯಾವ ವೇಳೆಗೆ ಏನು ಎಂದು ಯಾರೂ ಬರೆಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಗೇಟು ಕೊಚ್ಚಿಹೋದಾಗ ಆ ನೀರನ್ನು ನೋಡಲು ಹೋದವರು ಸುಮ್ಮನೆ ನಿಂತು ಬಂದರು. ಹೊಲಕ್ಕೆ ಬರಬೇಕಾದ ನೀರು ಹಾಗೆ ಹೋಗುವುದನ್ನು ನೋಡಿ ಚಪ್ಪಾಳೆ ಹೊಡೆಯಲು ಆಗುವುದಿಲ್ಲ.

ಅದೇ ಹೊಳೆಯಲ್ಲಿ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ರಾಜ್ಯ ಸರಕಾರ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿಯೇ ಹೀಗೆ ಮಾಡಿದ್ದು ದೇಶದಲ್ಲಿ ಅದೇ ಮೊದಲು. ಅವೂ ಕುಟುಂಬವಾಗಿಯೇ ಇರುತ್ತವೆ. ಅಪ್ಪ, ಅಮ್ಮ, ಮರಿಗಳು ಸಾಲಾಗಿ ಈಜಿ, ಮೀನು ಹಿಡಿದು, ಬಂಡೆಯ ಮೇಲೆ ಮೈ ಒಣಗಿಸಿಕೊಳ್ಳುತ್ತವೆ. ಡಾಲ್ಫಿನ್‌ನಷ್ಟೇ ಆಟಗುಳಿಗಳು. ನಾವು ವಿಚಾರಿಸಿದಂತೆ ಈ ಮನೆಯಲ್ಲಿ ಅದರ ಹೆಸರು ಕೇಳಿದವರು ದಾದಿ ಒಬ್ಬರೇ, ಅದೂ ಬಲೆ ಹರಿಯುವ ಪ್ರಾಣಿ ಎಂದು. ಹೊಳೆಯ ಮೀನುಗಾರರ ಮಾತೂ ಅದೇ. ಮೀನು ಕಡಿಮೆಯಾದಷ್ಟೂ ಬಲೆಗೂ ನೀರುನಾಯಿಗೂ ಜಗಳ ಜಾಸ್ತಿ. ಮೀನು ಕಡಿಮೆಯಾದದ್ದಕ್ಕೆ ಸಿಡಿಮದ್ದು ಹಾಕಿ ಹಿಡಿಯುವವರು, ಉಸುಕು ತೋಡುವವರು, ಹೊಳೆಗೆ ಹೊಲಸು ಬಿಡುವವರು ಎಲ್ಲರೂ ಕಾರಣ. ನೀರುನಾಯಿ ನೋಡಲು ಹೋದರೆ ನಸುಕಿನಲ್ಲಿ ಹೋಗಿ, ಸುಮ್ಮನೆ ಕೂತು, ಕಾಣದೇ ವಾಪಸು ಬರುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ಯಾರೂ ವೇಳಾಪಟ್ಟಿ ಬರೆಯಲಾರರು. ನೋಡಲು ಹೋದವರು ದಂಡೆಯಲ್ಲಿ ಗುಟಕಾ ಚೀಟಿ, ಪ್ಲಾಸ್ಟಿಕ್ ಲೋಟ ಬಿಟ್ಟು ಬರುವುದನ್ನೂ ನಾವು ಕಂಡಿದ್ದೇವೆ. ನಮ್ಮ ಹೊಳೆಯದೆಲ್ಲ ಒಳ್ಳೆಯದು, ಅಲ್ಲಿನದೆಲ್ಲ ಕೆಟ್ಟದ್ದು ಎಂಬ ವಾದ ನಮ್ಮದಲ್ಲ.

ಹಾಳೆಗೆ ಮರಳೋಣ. ಅದರಲ್ಲಿ ಇನ್ನೊಂದು ಕೊರತೆ ಕಂಡಿತು. ಆ ಪಾರ್ಕಿನಲ್ಲಿ ಅಬುಧಾಬಿಯ ಹಳೆಯ ಮುತ್ತಿನ ಕಸುಬನ್ನು ನೆನಪಿಸುವ ಭಾಗವೊಂದಿದೆ. ಮಗ ಅದನ್ನು ಹೇಳಲೇ ಇಲ್ಲ, ಅಲ್ಲಿ ಆಟವಿಲ್ಲ ಎಂದಿರಬೇಕು. ನಮ್ಮನ್ನು ಕೇಳಿದರೆ ಅದನ್ನೇ ಮೊದಲು ನೋಡಬೇಕು. ಎಣ್ಣೆ ಸಿಗುವ ಮೊದಲು ಆ ಕಡಲ ಜನ ಬದುಕಿದ್ದು ಮುತ್ತಿನ ಮೇಲೆ. ಬೇಸಿಗೆಯ ನಾಲ್ಕು ತಿಂಗಳು ದೋಣಿಯಲ್ಲೇ ವಾಸ. ಮುಳುಗುವವನನ್ನು 'ಘೈಸ್' ಎನ್ನುತ್ತಿದ್ದರು, ಮೇಲೆ ನಿಂತು ಹಗ್ಗ ಎಳೆಯುವವನನ್ನು 'ಸೈಬ್'. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು. ಒಂದು ದಿನಕ್ಕೆ ಹತ್ತಾರು ಸಲ ಮುಳುಗಬೇಕು. ಹೊರಡುವ ಮೊದಲೇ ತೆಗೆದುಕೊಂಡ ಮುಂಗಡ ತೀರಿಸಲು ಆ ಹಂಗಾಮಿನ ದುಡಿಮೆ ಸಾಲದು, ಸಾಲ ಮುಂದಿನ ವರ್ಷಕ್ಕೆ, ಕೆಲವೊಮ್ಮೆ ಮಗನಿಗೆ ಹೋಗುತ್ತಿತ್ತು. ಮುತ್ತು ಮುಂಬಯಿ ವ್ಯಾಪಾರಿಗಳಿಗೆ ಬರುತ್ತಿತ್ತು. 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಮತ್ತು ಜಗತ್ತಿನ ಆರ್ಥಿಕ ಕುಸಿತ ಸೇರಿ ಆ ಕಸುಬು ಮುರಿಯಿತು. ಅಬುಧಾಬಿಯಿಂದ ಎಣ್ಣೆಯ ಮೊದಲ ಹಡಗು ಹೊರಟದ್ದು 1962ರಲ್ಲಿ. 1966ರವರೆಗೂ ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರಿಸರ್ವ್ ಬ್ಯಾಂಕಿನ ಗಲ್ಫ್ ರೂಪಾಯಿ. ಆಗ ದುಡಿಯಲು ಇಲ್ಲಿಂದ ಅಲ್ಲಿಗೆ ಹೋಗುವುದು ಇಷ್ಟು ದೊಡ್ಡ ಪ್ರಮಾಣದಲ್ಲಿ ಇರಲಿಲ್ಲ. ಮುಂಗಡ, ಸಾಲ, ತಿಂಗಳುಗಟ್ಟಲೆ ಮನೆ ಬಿಟ್ಟಿರುವುದು: ನಮ್ಮ ಗುಳೆಯ ಜನರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಆದರೆ ನಮ್ಮ ನಿಜವಾದ ಆಕ್ಷೇಪ ಇದ್ಯಾವುದೂ ಅಲ್ಲ. ಎರಡನೇ ಸಲ ಓದಿದಾಗ ಹೊಳೆಯಿತು. ಬೆಳಿಗ್ಗೆ ಎಂಟರಿಂದ ರಾತ್ರಿವರೆಗಿನ ಈ ಹಾಳೆಯಲ್ಲಿ ಮಗ ತಾಯಿಯ ಜೊತೆ ಕೂತು ಮಾತಾಡಲು ಇಟ್ಟ ಹೊತ್ತು ಒಂದೂ ಇಲ್ಲ. ಎರಡು ವರ್ಷದ ಮೇಲೆ ಸೇರುವ ಕುಟುಂಬ, ಸೇರಿದ ಒಂದು ರಜೆಯ ದಿನವನ್ನು ಪರಸ್ಪರ ಮುಖ ನೋಡದೆ ಗಾಜು ನೋಡುತ್ತ ಕಳೆಯಲಿದೆ. ಫೋಟೊ ತೆಗೆಯುವಾಗಲೂ ಎಲ್ಲರ ಬೆನ್ನು ನೀರಿಗೆ, ಮುಖ ಫೋನಿಗೆ. ತಾಯಿಯಿಂದ ಬಿಡಿಸಿ ತಂದ ಪ್ರಾಣಿಗಳಿಂದ ಬೆಳೆದ ಉದ್ಯಮ ಇಂದು 'ಕುಟುಂಬದ ದಿನ'ವನ್ನು ಮಾರುತ್ತಿದೆ. ಅದನ್ನು ಕೊಳ್ಳುವವನು ತಾನೂ ಮನೆಯಿಂದ ಬೇರೆಯಾಗಿ ದುಡಿಯುವವನು. ಅವನಿಗೆ ಮಾತಾಡಲು ಇಷ್ಟವಿಲ್ಲವೆಂದಲ್ಲ. ಏನು ಮಾತಾಡಬೇಕು? ಮಾತು ಶುರುವಾದರೆ ಸಂಬಳ, ಸಾಲ, ಯಾವಾಗ ವಾಪಸು ಬರುತ್ತೀ ಎಂಬಲ್ಲಿಗೆ ಬರುತ್ತದೆ. ಗಾಜಿನಾಚೆಯ ಮೀನು ಆ ಪ್ರಶ್ನೆಗಳನ್ನು ಕೇಳುವುದಿಲ್ಲ. ತಾನು ಬೆರಗಿನ ದೇಶದಲ್ಲಿದ್ದೇನೆ ಎಂದು ಮನೆಯವರಿಗೆ ತೋರಿಸಲು ಅವನಿಗೆ ಆ ದಿನ ಬೇಕು. ಅದನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ.

ಆ ಸಂಜೆ ಹಾಳೆಯ ಮೇಲೆ ತಿದ್ದುಪಡಿ ನಡೆಯಿತು. ಸೊಸೆಯ ಮಾತಿಗೆ ರೈಡುಗಳನ್ನು ತೆಗೆದು, ನಾಲ್ಕಕ್ಕೇ ಹೊರಟು ಕಾರ್ನಿಷ್ ದಂಡೆಯಲ್ಲಿ ಕೂರುವುದು ಎಂದು ಬರೆಸಲಾಯಿತು. ಅಲ್ಲಿ ಸಮುದ್ರಕ್ಕೆ ಟಿಕೆಟ್ಟಿಲ್ಲ. ನಮ್ಮ ಮಾತಿಗೆ ಮುತ್ತಿನವರ ಭಾಗ ಸೇರಿತು. ಡಾಲ್ಫಿನ್ ಆಟದ ಸಾಲನ್ನು ನಾವು ಹೊಡೆದುಹಾಕಿದೆವು. ಕರಡಿಯ ಕಥೆಯನ್ನೂ, ತಿಲಿಕಮ್ ಕಥೆಯಲ್ಲಿ ಮಕ್ಕಳಿಗೆ ಹೇಳಬಹುದಾದಷ್ಟನ್ನೂ ಹೇಳಿದೆವು. ಹುಡುಗಿ ಕೇಳಿಸಿಕೊಂಡಳು, ಕಣ್ಣು ತುಂಬಿಕೊಂಡಳು, ಆಮೇಲೆ ಅದೇ ಸಾಲನ್ನು ಕೆಳಗೆ ಮತ್ತೆ ಬರೆದಳು. 'ನೋಡ್ಲಿ ಬಿಡ್ರಿ ಮಾಸ್ತರ, ಹುಡುಗಿ ಐತಿ. ನಾ ಹೊರಗ ಕುಂತಿರ್ತೀನಿ' ಎಂದರು ದಾದಿ.

ಆಮೇಲೆ ತಮ್ಮದೂ ಒಂದು ಸಾಲು ಬರೆಯಲು ಹೇಳಿದರು. ಮಗ ಮಲಗುವ ರೂಮು ನೋಡಬೇಕು. ಎಲ್ಲಿ, ಎಷ್ಟು ಜನರ ಜೊತೆ ಮಲಗುತ್ತಾನೆ ಎಂದು ಕಣ್ಣಾರೆ ನೋಡಬೇಕು. ಇವರು ಹೋದಾಗ ಇರಲು ಸ್ನೇಹಿತನ ಫ್ಲ್ಯಾಟನ್ನು ಅವನು ಗೊತ್ತು ಮಾಡಿದ್ದಾನೆ, ತನ್ನ ರೂಮಿನ ಮಾತು ಎಂದೂ ತೆಗೆದಿಲ್ಲ. ಹುಡುಗಿ ಬರೆದಳು. ರಾತ್ರಿ ಫೋನು ಬಂದಾಗ ಹೊಸ ಹಾಳೆಯನ್ನು ಅಪ್ಪನಿಗೆ ಓದಿ ಹೇಳಿದಳು. ಕಾರ್ನಿಷ್‌ಗೆ ಅವನು ಹೂಂ ಎಂದ. ಮುತ್ತಿನದಕ್ಕೂ ಹೂಂ ಎಂದ. ಕೊನೆಯ ಸಾಲಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲಿಗೆ ಹೆಂಗಸರನ್ನು ಬಿಡುವುದಿಲ್ಲ ಅಮ್ಮಿ ಎಂದ. ಬಾಗಿಲ ಹೊರಗಿನಿಂದಾದರೂ ತೋರಿಸು ಎಂದರು ದಾದಿ. ನೋಡೋಣ ಎಂದ. ಹುಡುಗಿ ಆ ಸಾಲಿನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಾಳೆಯನ್ನು ಮಡಚಿ ಪಾಸ್‌ಪೋರ್ಟುಗಳ ಜೊತೆ ಇಟ್ಟಳು.